ದೂರದಿಂದಲೇ ಹೊಡಿ

ಆ ಕರಿಚಿಗರಿಯನ್ನು ನಾನು ಗುರಿಯಿಟ್ಟು ಹೊಡೆದದ್ದಲ್ಲ. ನಾನು ಗುರಿಯಿಟ್ಟದ್ದು ಬೇರೊಂದಕ್ಕೆ. ಅದು ತಪ್ಪಿತು. ಗುಂಡು ತನ್ನ ಪಾಡಿಗೆ ಹಾರಿಹೋಗಿ, ಯಾರೂ ಊಹಿಸದಷ್ಟು ದೂರದಲ್ಲಿ ನಿಂತಿದ್ದ ಆ ಗಂಡು ಜಿಂಕೆಗೆ ಬಡಿಯಿತು. ಈ ಮಾತನ್ನು ಅವತ್ತೇ, ಬಂದೂಕಿನ ಹೊಗೆ ಕರಗುವ ಮೊದಲೇ ಹೇಳಿದ್ದರೆ — ಹೇಳಲಿಲ್ಲ. ಹೇಳದೆಯೇ ಮುದುಕನಾದೆ. ಅದರಿಂದ ಒಬ್ಬನ ಕಣ್ಣು ಹೋದವು. ಇನ್ನೊಬ್ಬ ತನ್ನ ಕೈಯನ್ನೇ ಹಗೆಯಂತೆ ನೋಡುತ್ತ ಬದುಕಿದ.

ನಮ್ಮದು ಆದೋನಿಯಲ್ಲಿ ಹತ್ತಿ ವ್ಯಾಪಾರದ ಮನೆ. ಬಳ್ಳಾರಿ ಜಿಲ್ಲೆಯಿಂದ ನಮ್ಮನ್ನು ಕರ್ನೂಲಿಗೆ ಸೇರಿಸಿದ ಹೊಸತು ಅದು. ಹಿರಿಯರಿಗೆಲ್ಲ ಅದೇ ಚರ್ಚೆ. ನನಗೆ ಬಂದೂಕಿನ ಹುಚ್ಚು. ಕೊರಳಲ್ಲಿ ಲಿಂಗ, ಮನೆಯಲ್ಲಿ ಮಾಂಸದ ಹೆಸರೆತ್ತುವಂತಿಲ್ಲ. ಆದರೂ ತಾತನ ಕಾಲದ ಉದ್ದ ನಳಿಗೆಯ ಬಂದೂಕೊಂದು ಗೋಡೆಯ ಮೇಲಿತ್ತು, ಆಯುಧಪೂಜೆಗಷ್ಟೇ ಇಳಿಯುತ್ತಿತ್ತು. ಬಾಯಿಯಿಂದ ಮದ್ದು ಸುರಿದು, ಗುಂಡನ್ನು ಗಜಕೋಲಿನಿಂದ ತಳ್ಳಿ ಹೊಡೆಯುವಂಥದ್ದು. ಆದರೆ ಆ ನಳಿಗೆಯ ಒಳಗೆ ಬಳ್ಳಿಯಂತೆ ಸುತ್ತಿಕೊಂಡು ಇಳಿಯುವ ಗೀರುಗಳಿದ್ದವು. ಅವನ್ನು ಮೊದಲು ಕಂಡ ದಿನ ನನ್ನ ಮೈ ಜುಮ್ಮೆಂದಿತ್ತು. ಗುಂಡು ಆ ಗೀರು ಹಿಡಿದು ಗಿರ್ರನೆ ತಿರುಗುತ್ತ ಹೊರಬಿದ್ದರೆ ನೆಟ್ಟಗೆ ಹೋಗುತ್ತದಂತೆ. ಎಷ್ಟು ದೂರ? — ನನ್ನ ಹುಚ್ಚೆಲ್ಲ ಆ ಒಂದು ಪ್ರಶ್ನೆಯಲ್ಲಿತ್ತು. ಮಾಂಸ ನನಗೆ ಬೇಕಿರಲಿಲ್ಲ. ದೂರ ಬೇಕಿತ್ತು.

ಈರಣ್ಣ ನನ್ನ ಓರಗೆಯವನು. ಗುಡ್ಡದ ಬುಡದ ಹಳ್ಳಿಯವನು; ಅವನ ಹೊಲದ ಹತ್ತಿ ನಮ್ಮ ಮಂಡಿಗೇ ಬರುತ್ತಿತ್ತು. ಅವನ ಮನೆಯವರು ತಲೆಮಾರಿನಿಂದ ಬೇಟೆ ಬಲ್ಲವರು. ಆದರೆ ಅವರ ವಿದ್ಯೆಯೇ ಬೇರೆ. ಗಾಳಿಗೆ ಎದುರಾಗಿ, ಜೋಳದ ಸಾಲಿನಲ್ಲಿ ಹೊಟ್ಟೆಯ ಮೇಲೆ ತೆವಳಿ, ಚಿಗರಿಯ ಉಸಿರು ಕೇಳುವಷ್ಟು ಸಮೀಪಕ್ಕೆ ಹೋಗುತ್ತಿದ್ದರು. “ಅದರ ಕಣ್ಣಾಗಿನ ಹೊಳಪು ಕಾಣ್ಬೇಕಪಾ ಶಿವಣ್ಣ. ಅಲ್ಲೀತನಕ ಕೈ ಎತ್ತಬಾರ್ದು” ಎನ್ನುತ್ತಿದ್ದ. ನಾನು ನಗುತ್ತಿದ್ದೆ.

ಎರೆಹೊಲಗಳು ಖಾಲಿಯಾದ ಮೇಲೆ ನಾವಿಬ್ಬರೂ ಸುಣ್ಣ ಬಳಿದ ಬಂಡೆಯೊಂದನ್ನು ಗುರಿ ಮಾಡಿಕೊಂಡು ಅಭ್ಯಾಸಕ್ಕೆ ಇಳಿದೆವು. ಮೊದಮೊದಲು ಗುಂಡು ಎಲ್ಲಿ ಹೋಗುತ್ತದೆಂದು ದೇವರಿಗೇ ಗೊತ್ತು. ಮದ್ದನ್ನು ಅಂಗೈ ಅಂದಾಜಿನಲ್ಲಿ ಸುರಿಯುವುದನ್ನು ಬಿಟ್ಟು, ಬಿದಿರಿನ ಗೆಣ್ಣು ಕೊಯ್ದು ಅಳತೆ ಮಾಡಿದೆ — ಪ್ರತಿ ಸಲವೂ ಅಷ್ಟೇ, ಒಂದು ಕಾಳು ಹೆಚ್ಚಿಲ್ಲ. ಸೀಸವನ್ನು ಕಾಯಿಸಿ ಅಚ್ಚಿಗೆ ಹೊಯ್ದು, ಗುಳ್ಳೆ ಬಿದ್ದ ಗುಂಡುಗಳನ್ನು ಮತ್ತೆ ಕರಗಿಸಿದೆ. ತೆಳ್ಳನೆಯ ಹತ್ತಿಬಟ್ಟೆಗೆ ಮೇಣ ಮತ್ತು ಔಡಲೆಣ್ಣೆ ಸವರಿ ಗುಂಡಿಗೆ ಸುತ್ತಿದಾಗ ಅದು ಗೀರುಗಳನ್ನು ಕಚ್ಚಿಕೊಂಡು ಬಿಗಿಯಾಗಿ ಇಳಿಯಿತು. ಪ್ರತಿ ಹೊಡೆತದ ನಂತರ ಒದ್ದೆ ಚಿಂದಿಯಿಂದ ಮಸಿ ಒರೆಸುವ ಯೋಚನೆ ಈರಣ್ಣನದು. ಗುಂಡುಗಳು ಬಂಡೆಯ ಮೇಲೆ ಒಂದರ ಪಕ್ಕ ಒಂದು ಬೀಳತೊಡಗಿದವು, ಅಂಗೈಯಗಲದಲ್ಲಿ! ನಾವು ಬಂಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಆ ಗುರುತುಗಳನ್ನು ಬೆರಳಿಂದ ಮುಟ್ಟಿ ಮುಟ್ಟಿ ನೋಡಿದೆವು. ಹಳೆಯ ಕಬ್ಬಿಣದೊಳಗೆ ಇಷ್ಟೊಂದು ನೇರ್ಪು ಅಡಗಿತ್ತಲ್ಲ ಎಂಬ ಬೆರಗು… ಇವತ್ತಿಗೂ ಆ ಬೆರಗನ್ನು ನಾನು ಅಲ್ಲಗಳೆಯಲಾರೆ.

ಆದರೆ ಬಂಡೆಯಿಂದ ಇನ್ನಷ್ಟು ಹಿಂದೆ ಸರಿದು ಹೊಡೆದರೆ ಆಟ ಕೆಡುತ್ತಿತ್ತು. ಗುಂಡು ಸುಸ್ತಾಗಿ ಬಾಗುತ್ತಿತ್ತು, ಗಾಳಿ ಅದನ್ನು ಎಳೆದೊಯ್ಯುತ್ತಿತ್ತು. ಅಲ್ಲಿಗೆ ಅದರ ಶಕ್ತಿ ಮುಗಿಯಿತು. ಅದನ್ನು ಒಪ್ಪಿಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಅಂಥದರಲ್ಲಿ ಆ ಬೆಳಗು. ಹತ್ತಿ ಬಿಡಿಸಿದ ಹೊಲದಲ್ಲಿ ಚಿಗರಿಗಳ ಹಿಂಡು. ಹತ್ತಿರದ ಎಳೆಯ ಗಂಡೊಂದಕ್ಕೆ ನಾನು ಗುರಿಯಿಟ್ಟೆ. ಅದರ ಹಿಂದೆ, ಬಲು ದೂರದ ದಿಬ್ಬದ ಮೇಲೆ, ಹಿಂಡಿನ ಯಜಮಾನ ನಿಂತಿತ್ತು — ಬೆನ್ನು ಕಾಡಿಗೆ ಕಪ್ಪು, ಹೊಟ್ಟೆ ಹಾಲು ಬಿಳುಪು, ತಿರುಚಿದ ಕೋಡು ಆಕಾಶಕ್ಕೆ ಚುಚ್ಚಿದಂತೆ. ಬಂದೂಕಿನ ಕುದುರೆ ಒತ್ತುವಾಗ ನಳಿಗೆ ಮೇಲೆದ್ದಿರಬೇಕು. ಹೊಗೆ ಸರಿದಾಗ ಎಳೆಯದು ನೆಗೆದು ಓಡುತ್ತಿತ್ತು. ದಿಬ್ಬದ ಮೇಲಿನದು ಒಮ್ಮೆ ಆಳೆತ್ತರಕ್ಕೆ ಹಾರಿ, ಗಾಳಿಯಲ್ಲೇ ಜೀವ ಬಿಟ್ಟಂತೆ ಮಡಚಿಕೊಂಡು ಬಿತ್ತು.

ಈರಣ್ಣ ಬಾಯಿ ತೆರೆದು ನಿಂತ. “ಏಂ ದೆಬ್ಬ ಸ್ವಾಮೀ, ಎಂಥಾ ಹೊಡೆತ ಇದು! ಅಷ್ಟು ದೂರದ್ದು ಹೊಡದಿಯಲ್ಲೋ ಶಿವಣ್ಣ!”

ನಾನು ನಳಿಗೆಯ ಮಸಿ ಒರೆಸತೊಡಗಿದೆ. ಮತ್ತೆ ಕೇಳಿದ: “ಅದಕ್ಕ ಇಟ್ಟಿದ್ದೇನು ಗುರಿ?”

“ಹೂಂ” ಎಂದೆ.

ಅಷ್ಟೇ. ಆ ಒಂದು ‘ಹೂಂ’ ಸುತ್ತಲ ಹಳ್ಳಿಗಳಿಗೆಲ್ಲ ಹಬ್ಬಿತು. ಪತ್ತಿಕೊಂಡದ ಸಂತೆಯಲ್ಲೂ ಜನ ನನ್ನನ್ನು ಬೆರಳು ಮಾಡಿ ತೋರಿಸಿದರು. ಆಮೇಲೆ ನಾನೊಬ್ಬನೇ ಹೋಗಿ ಅಷ್ಟೇ ದೂರದಿಂದ ಬಂಡೆಗೆ ಹೊಡೆದು ನೋಡಿದೆ, ಒಂದು ಮಧ್ಯಾಹ್ನವಿಡೀ. ಒಂದೂ ತಾಗಲಿಲ್ಲ. ಇದು ನನಗೆ ಗೊತ್ತಿತ್ತು — ಓದುವವರು ಇದನ್ನು ಮರೆಯಬಾರದು. ಗೊತ್ತಿದ್ದೂ ಮಾಡಿದೆ.

ಮರುವರ್ಷ ಈರಣ್ಣನ ಹಳ್ಳಿಯ ಗುಡ್ಡಕ್ಕೆ ಚಿರತೆ ಬಂತು. ಕುರಿ, ಕರು, ಕೊನೆಗೆ ಹಟ್ಟಿಯ ನಾಯಿ. ಊರವರು ನನ್ನ ಮನೆಗೇ ಬಂದು ಕರೆದರು. ಇಲ್ಲವೆನ್ನುವ ಬಾಯಿ ನನಗೆಲ್ಲಿತ್ತು? ಹೊತ್ತು ಮೂಡುವಾಗ ನಾವು ಮೂವರು ಗುಡ್ಡ ಹತ್ತಿದೆವು — ನಾನು, ಈರಣ್ಣ, ಕೊಡಲಿ ಹಿಡಿದ ಅವನ ತಮ್ಮ ಹನುಮಂತ. ಹನುಮಂತನಿಗೆ ಆಗಷ್ಟೇ ಮದುವೆ ಗೊತ್ತಾಗಿತ್ತು. ಅವನನ್ನು ಕೆಳಗೆ ಹಳ್ಳದ ಬಾಯಲ್ಲಿ ಕಾವಲಿಗೆ ನಿಲ್ಲಿಸಿ ನಾವಿಬ್ಬರೂ ಮೇಲೆ ಹೋದೆವು.

ಚಿರತೆ ಎದುರು ಗುಡ್ಡದ ಹಾಸುಬಂಡೆಯ ಮೇಲೆ ಬಿಸಿಲು ಕಾಯುತ್ತ ಮಲಗಿತ್ತು. ಅಂಥದ್ದನ್ನು ನಾನು ಮತ್ತೆ ಕಂಡಿಲ್ಲ. ಬಂಡೆಯೇ ಉಸಿರಾಡುತ್ತಿದೆಯೋ ಎಂಬಂತೆ ಅದರ ಪಕ್ಕೆ ಏರಿಳಿಯುತ್ತಿತ್ತು. ಬಾಲದ ತುದಿ ಮಾತ್ರ ಸಣ್ಣಗೆ ಆಡುತ್ತಿತ್ತು. ಕೊಲ್ಲಲು ಬಂದಿದ್ದೇವೆ ಎಂಬುದೇ ಒಂದು ಗಳಿಗೆ ಮರೆತುಹೋಯಿತು. ದೂರ ಮಾತ್ರ — ಆ ಕರಿಚಿಗರಿಯ ದೂರವೇ.

“ನಾ ಹಳ್ಳದಾಗ ಇಳದು ಸುತ್ತುಹಾಕಿ ಹೋಗ್ತೀನಿ” ಎಂದು ಈರಣ್ಣ ಪಿಸುಗುಟ್ಟಿದ. “ಗಾಳಿ ಚಲೋ ಐತಿ. ಆ ಮುಳ್ಳುಕಂಟಿ ಮರೆಗೆ ಹೋದ್ರ ತಪ್ಪೋದಿಲ್ಲ. ಬಂದೂಕು ಕೊಡು.”

ಅವನು ಖಂಡಿತ ಹೋಗುತ್ತಿದ್ದ, ಹೊಡೆಯುತ್ತಿದ್ದ. ಆದರೆ ಹತ್ತಿರ ಹೋಗಬೇಕು ಎಂದು ನಾನು ಒಪ್ಪಿದರೆ, ಹಾಗಾದರೆ ಚಿಗರಿಯನ್ನು ಹೇಗೆ ಹೊಡೆದೆ ಎಂಬ ಪ್ರಶ್ನೆ ಏಳುತ್ತದೆ. ನಾನೇ ಇಲ್ಲಿಂದ ಹೊಡೆದರೆ ಗುಂಡು ತಪ್ಪುತ್ತದೆ. ಅವನು ಹೊಡೆದು ತಪ್ಪಿದರೆ — ತಪ್ಪು ಅವನ ಕೈಯದಾಗುತ್ತದೆ. ಇಷ್ಟೆಲ್ಲ ಯೋಚನೆ ಒಂದೇ ಉಸಿರಿನಲ್ಲಿ ನನ್ನ ತಲೆಯಲ್ಲಿ ಹಾದುಹೋಯಿತು. ಕಣ್ಣಿಗೆ ಧೂಳು ಬಿದ್ದಿದೆ ಎಂದು ಉಜ್ಜಿಕೊಂಡು ಬಂದೂಕು ಅವನ ಕೈಗಿಟ್ಟೆ.

“ದೂರದಿಂದಲೇ ಹೊಡಿ. ನಾ ಹೊಡೀಲಿಲ್ಲೇನು?” ಎಂದೆ.

ಅವನು ನನ್ನ ಮುಖ ನೋಡಿದ. ನಂಬಿದ.

ಬಂಡೆಗೆ ಮೊಣಕೈ ಆನಿಸಿ ಗುರಿ ಹಿಡಿದ ಅವನ ಕೈಯನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ಕಲ್ಲಿನ ಕೈ. ನಳಿಗೆಯ ತುದಿ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

ಗುಂಡು ಚಿರತೆಯ ಹಿಂಗಾಲಿಗೆ ಬಡಿಯಿತು. ಅದು ಒಮ್ಮೆ ಸುತ್ತಿ ತಿರುಗಿ, ಬಂಡೆಗಳ ಸಂದಿಯಲ್ಲಿ ಮಾಯವಾಯಿತು. ಮತ್ತೆ ಮದ್ದು ತುಂಬಲೆಂದು ನಾನು ಬಂದೂಕು ತೆಗೆದುಕೊಂಡೆ. ನನ್ನ ಕೈ ಎಷ್ಟು ನಡುಗಿತೆಂದರೆ ಮದ್ದೆಲ್ಲ ನೆಲಕ್ಕೆ ಚೆಲ್ಲಿತು. ಅಷ್ಟರಲ್ಲಿ ಕೆಳಗೆ ಹಳ್ಳದ ಬಾಯಲ್ಲಿ ಕಾವಲು ನಿಂತಿದ್ದ ಹನುಮಂತನ ಕೂಗು. ಚಿರತೆ ಅವನ ಎದೆಯ ಮೇಲಿತ್ತು. ನಾನು ನಿಂತಲ್ಲೇ ನಿಂತೆ. ಈರಣ್ಣ ಬರಿಗೈಯಲ್ಲಿ, ಬರಿಗಾಲಲ್ಲಿ, ಬಂಡೆಯಿಂದ ಬಂಡೆಗೆ ಹಾರುತ್ತ ಇಳಿದ. ತಮ್ಮನ ಕೊಡಲಿಯನ್ನು ನೆಲದಿಂದ ಎತ್ತಿಕೊಂಡು ಆ ಗರ್ಜನೆಯೊಳಕ್ಕೇ ನುಗ್ಗಿದ. ಮನುಷ್ಯನಲ್ಲಿ ಅಂಥದ್ದಿರುತ್ತದೆ ಎಂದು ನಾನು ತಿಳಿದಿರಲಿಲ್ಲ. ಚಿರತೆ ಅಲ್ಲೇ ಸತ್ತಿತು.

ಬಂಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದೆವು. ಹನುಮಂತ ಬದುಕಿದ. ಎರಡೂ ಕಣ್ಣು ಹೋದವು. ಮದುವೆ ಮುರಿದುಬಿತ್ತು.

ಆಸ್ಪತ್ರೆಯ ಜಗಲಿಯಲ್ಲಿ ಈರಣ್ಣ ತನ್ನ ಬಲಗೈಯನ್ನು ಮುಂದೆ ಚಾಚಿ ಕೂತಿದ್ದ. “ನನ್ನ ಕೈ ನಡುಗ್ತು ಶಿವಣ್ಣ. ನೀ ಹೊಡದಿದ್ದಿ ಅಷ್ಟು ದೂರದ್ದು… ನನ್ನ ಕೈ ನಡುಗಿ ತಮ್ಮನ ಕಣ್ಣು ಹೋದವು.”

ಆಗಲಾದರೂ — ಆಗಲಾದರೂ ಹೇಳಬಹುದಿತ್ತು. ನಾನು ಅವನ ಭುಜದ ಮೇಲೆ ಕೈಯಿಟ್ಟು, “ಯಾರ ಕೈಯಾದ್ರೂ ನಡುಗ್ತೈತಿ, ಬಿಡು” ಎಂದೆ. ಮೊದಲ ಸುಳ್ಳು ಜಂಬದ್ದು. ಇದು ಸಮಾಧಾನದ ವೇಷ ಹಾಕಿ ಬಂದ ಸುಳ್ಳು. ಇದೇ ಹೆಚ್ಚು ಹೊಲಸು.

ಈರಣ್ಣ ಮತ್ತೆ ಆಯುಧ ಮುಟ್ಟಲಿಲ್ಲ. ತಮ್ಮನಿಗೆ ಉಣ್ಣಿಸಿದ, ಮೀಯಿಸಿದ, ಕೈ ಹಿಡಿದು ಉರುಕುಂದದ ಗುಡಿಗೆ ಕರೆದೊಯ್ದ. ಎದುರಾದಾಗಲೆಲ್ಲ ನನ್ನನ್ನು ಗೌರವದಿಂದ ಮಾತಾಡಿಸುತ್ತಿದ್ದ. ಆ ಗೌರವ ನನಗೆ ಚುಚ್ಚುತ್ತಿತ್ತು, ಆದರೂ ತೆಗೆದುಕೊಂಡೆ. ವರ್ಷಗಳು ಹೀಗೇ ಹೋದವು. ಇಬ್ಬರ ತಲೆಯೂ ಬೆಳ್ಳಗಾಯಿತು.

ಹೋದ ವಾರ ಅವನ ಮನೆಗೆ ಹೋದೆ. ಪಡಸಾಲೆಯಲ್ಲಿ ಅವನೊಬ್ಬನೇ ಇದ್ದ. ಕೂತು, ಎಲ್ಲವನ್ನೂ ಹೇಳಿದೆ: ಎಳೆಯ ಚಿಗರಿ, ತಪ್ಪಿದ ಗುರಿ, ತಾಗದ ಬಂಡೆ, ಧೂಳು ಬೀಳದ ಕಣ್ಣು. ಮುಗಿದ ಮೇಲೆ ಅವನು ತನ್ನ ಬಲಗೈಯನ್ನು ಮುಂದೆ ಚಾಚಿ ಕೇಳಿದ: “ನೀ ಬಾಜೂಕ ಕುಂತು ನೋಡಿದ್ದಿ. ನನ್ನ ಕೈ ನಡುಗಲಿಲ್ಲೇನು?”

“ಇಲ್ಲ ಈರಣ್ಣ. ಒಂದಿಷ್ಟೂ ಇಲ್ಲ.”

ಅವನು ಬೈಯಲಿಲ್ಲ. ಕ್ಷಮಿಸಿದೆ ಎನ್ನಲೂ ಇಲ್ಲ. “ನೀ ನಡಿ ಇನ್ನ” ಎಂದ.

ಎದ್ದು ಅಂಗಳಕ್ಕೆ ಬಂದು ಚಪ್ಪಲಿ ಮೆಟ್ಟಿದೆ. ಹಿಂದೆ ಅವನ ದನಿ ಕೇಳಿತು. ಮುದುಕನ ದನಿಯೇ ಅಲ್ಲ ಅದು, ಗುಡ್ಡ ಹತ್ತುತ್ತಿದ್ದ ಕಾಲದ ದನಿ.

“ಹನುಮಂತಾ! ಏ ಹನುಮಂತಾ! ಅವತ್ತು ನನ್ನ ಕೈ ನಡುಗಿರಲಿಲ್ಲಂತೋ!”

ಒಳಕೋಣೆಯಿಂದ ಹನುಮಂತ ಕೇಳಿದ: “ಯಾರಂದ್ರು?”

ಆ ಉತ್ತರ ಕೊಡಬೇಕಾದವನು ನಾನು. ಚಪ್ಪಲಿ ಬಿಟ್ಟು ಮತ್ತೆ ಒಳಗೆ ಹೋದೆ.