‘ಹೂಂ’ ಒಪ್ಪದ ಸಿಸ್ಟರ್

ಸಿಸ್ಟರ್ ಮಹಾದೇವಿ ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಬಿಳಿ ಸೀರೆಯ ಮೇಲೆ ತೊಟ್ಟ ಕೋಟಿನ ಜೇಬಿನಲ್ಲಿ ಖಾಲಿಯಾದ ಇಂಜೆಕ್ಷನ್ ಸೀಸೆಗಳು ಒಂದಕ್ಕೊಂದು ತಾಕಿ ಕಿಣಿಕಿಣಿ ಎನ್ನುತ್ತಿದ್ದವು. ಮಂಚದ ಪಕ್ಕಕ್ಕೆ ಬಂದು, ಹತ್ತು ದಿನದಿಂದ ಅಲ್ಲೇ ಮಲಗಿರುವವರನ್ನೂ ಈಗಷ್ಟೇ ಕಂಡವರಂತೆ ಕೇಳುತ್ತಿದ್ದರು:

“ನಿಮ್ಮ ಹೆಸರು ಹೇಳ್ರಿ.”

“ಅಯ್ಯೋ, ಬೆಳಿಗ್ಗೆ ತಾನೇ ಹೇಳಿದ್ನಲ್ಲ ಸಿಸ್ಟರ್?”

“ಅದು ಬೆಳಗಿನ ಇಂಜೆಕ್ಷನ್‌ಗೆ ಆತು. ಈಗಿಂದಕ್ಕ ಈಗ ಹೇಳ್ರಿ.”

“ನೀವು ಲಕ್ಷ್ಮಮ್ಮ ಅಲ್ವಾ?” ಎಂದು ಅವರು ಯಾರನ್ನೂ ಕೇಳಿದವರಲ್ಲ. ಬೇರೆ ಸಿಸ್ಟರುಗಳು ಹಾಗೆ ಕೇಳಿದರೆ ಸಿಟ್ಟಾಗುತ್ತಿದ್ದರು. “ಜ್ವರ ಬಂದವರಿಗೆ ನೀವು ಇಂದ್ರನ ಹೆಂಡ್ತಿ ಏನ್ರಿ ಅಂತ ಕೇಳಿದ್ರೂ ಹೂಂ ಅಂತಾರ. ಹೂಂ ಅನ್ನೂದು ಉತ್ತರ ಅಲ್ಲ” ಎನ್ನುತ್ತಿದ್ದರು.

ಮಕ್ಕಳೇ, ನೀವು ಫೋನಿನಲ್ಲಿ “ಊಟ ಆಯ್ತು ಅಜ್ಜಿ” ಅಂದಾಗಲೆಲ್ಲ ನಾನು “ಏನು ತಿಂದೆ ಹೇಳು” ಎಂದು ಕೇಳುತ್ತೇನೆ. ಅಜ್ಜಿಗೆ ಯಾರ ಮೇಲೂ ನಂಬಿಕೆಯಿಲ್ಲ ಎಂದು ನಗುತ್ತೀರಿ. ಆ ಪ್ರಶ್ನೆ ನನ್ನದಲ್ಲ, ಸಿಸ್ಟರ್ ಮಹಾದೇವಿಯದು. ಅದು ನನಗೆ ಹೇಗೆ ಬಂತೆಂದು ಎದುರಿಗೆ ಕೂತು ಹೇಳಲು ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ತೀರಿಕೊಂಡ ಮೇಲೆ ನಿಮ್ಮಮ್ಮನನ್ನು ಕಟ್ಟಿಕೊಂಡು ಜರಗನಹಳ್ಳಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ತೊಂಬತ್ತರ ದಶಕದ ನಡುವಿನ ಮಾತು. ಜೆ.ಪಿ. ನಗರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಆಯಾ ಕೆಲಸ ಸಿಕ್ಕಿತು. ನಡೆದೇ ಹೋಗಿಬರುತ್ತಿದ್ದೆ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವಳು ನಾನು. ಅಕ್ಷರ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಡಾಕ್ಟರು ಕೇಳಿದರೂ ಹೂಂ, ಮ್ಯಾನೇಜರ್ ಗದರಿದರೂ ಹೂಂ. ಅಂಥವಳಿಗೆ ಹೂಂ ಒಪ್ಪದ ಸಿಸ್ಟರ್ ಗಂಟುಬಿದ್ದರು.

ಅವರು ವಿಜಾಪುರದ ಕಡೆಯವರು. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ತಿಲಕ್ ನಗರದಲ್ಲಿ ಒಂದು ಕೋಣೆ ಮಾಡಿಕೊಂಡಿದ್ದರು. ಎತ್ತರದ ಆಳು. ಯಾರಾದರೂ ರಜಾ ಹಾಕಿದರೆ ಎರಡು ಪಾಳಿ ಒಬ್ಬರೇ ನಿಲ್ಲುತ್ತಿದ್ದರು. ಕಾಲಿನ ನರಗಳು ಉಬ್ಬಿ ನೀಲಿಯಾಗಿದ್ದವು. ಸ್ವಲ್ಪ ಬಿಡುವಾದರೆ ಸ್ಟೂಲಿನ ಮೇಲೆ ಕಾಲಿಟ್ಟು, “ಇವು ನನ್ನ ಕಾಲಲ್ಲ, ಡ್ಯೂಟಿಯವು. ಸಂಜಿಗೆ ವಾಪಸ್ ಕೊಟ್ಟು ಹೋಗ್ತೀನಿ” ಎಂದು ತಾವೇ ನಗುತ್ತಿದ್ದರು. ಅವರ ಮುಖ ಪೂರ್ತಿ ಅರಳುತ್ತಿದ್ದುದು ಹೆರಿಗೆಯಾದಾಗ ಮಾತ್ರ. ಕೂಸಿನ ಮಣಿಕಟ್ಟಿಗೆ ಪ್ಲಾಸ್ಟರ್ ಸುತ್ತಿ, ಅದರ ಮೇಲೆ ತಾಯಿಯ ಹೆಸರು ಬರೆದು, ಕೈಯಲ್ಲೆತ್ತಿಕೊಂಡು, “ಇನ್ನೂ ಹೆಸರಿಲ್ಲದವ್ರನ್ನ ಅಷ್ಟೇ ನೋಡವ್ವ ನಾನು ನಂಬೂದು” ಎಂದು ಅದರ ಕಿವಿಯಲ್ಲಿ ಹೇಳುತ್ತಿದ್ದರು.

ಉಳಿದವರೆಲ್ಲ ಅವರ ಅನುಮಾನಕ್ಕೆ ಸಿಕ್ಕವರೇ. ನಾನು ಥರ್ಮಾಮೀಟರ್ ತೊಳೆದಿಟ್ಟರೆ ಬೆಳಕಿಗೆ ಹಿಡಿದು ನೋಡುವರು. ತಿಂಡಿ ಕೊಟ್ಟು ಬಂದೆ ಎಂದರೆ ಒಂಬತ್ತು ಗಂಟೆಗೆ ವಾರ್ಡಿಗೆ ಹೋಗಿ ಒಂದೊಂದೇ ತಟ್ಟೆಯ ಮುಚ್ಚಳ ಎತ್ತಿ ನೋಡುವರು. ಕಸದ ಡಬ್ಬಿಯಲ್ಲೂ ಇಣುಕುವರು. ಅವರ ಇಂಜೆಕ್ಷನ್ ಟ್ರೇಯನ್ನಂತೂ ನಾನು ಮುಟ್ಟುವಂತಿರಲಿಲ್ಲ.

“ಅದನ್ನ ಇಡ್ರಿ ಜಯಮ್ಮಾರ. ಅದು ನನ್ನ ಕೆಲಸ.”

ನನಗೆ ಅವಮಾನವಾಗುತ್ತಿತ್ತು. ಗಂಡನಿಲ್ಲದ ಬಡವಿ, ಕದಿಯುತ್ತಾಳೆ ಎಂದುಕೊಂಡಿದ್ದಾರೆ ಎಂದು ಮನಸ್ಸಿನಲ್ಲೇ ಕುದಿದೆ. ಹಾಗೆ ಕುದಿಯುತ್ತಾ ನಾನೂ ಅವರ ಮೇಲೆ ಕಣ್ಣಿಡಲು ಶುರುಮಾಡಿದೆ. ಬೇರೆ ಸಿಸ್ಟರುಗಳು ಇಂಜೆಕ್ಷನ್ ಕೊಟ್ಟ ಕೂಡಲೇ ಸೀಸೆ ಎಸೆಯುತ್ತಿದ್ದರು. ಇವರು ಮಾತ್ರ ಸುತ್ತ ನೋಡಿ, ಸೀಸೆಗೆ ಏನೋ ಬಿಳಿಯದನ್ನು ಸುತ್ತಿ, ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಖಾಲಿ ಸೀಸೆ ಯಾರಿಗೆ ಬೇಕು? ಖಾಲಿ ಎಂದು ಹೇಳಿದವರಾದರೂ ಯಾರು?

ಅದೇ ತಿಂಗಳು ಮ್ಯಾನೇಜರ್ ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿದರು. “ಜಯಮ್ಮ, ಸ್ಟೋರಲ್ಲಿ ನೋವಿನ ಇಂಜೆಕ್ಷನ್ ಕಮ್ಮಿ ಬರ್ತಿದೆ. ನೀನು ಮೂಲೆಮೂಲೆ ಗುಡಿಸೋಳು. ಏನಾದ್ರೂ ಕಣ್ಣಿಗೆ ಬಿತ್ತಾ?”

ಅಷ್ಟು ವರ್ಷದಲ್ಲಿ ಮೊದಲ ಸಲ ನಾನು ಹೂಂ ಎಂದು ಸುಮ್ಮನಾಗಲಿಲ್ಲ. ಸಿಸ್ಟರ್ ಜೇಬಿನ ವಿಷಯ ಹೇಳಿದೆ. ಹೇಳುವಾಗ ಒಂದು ಥರ ಸುಖವಾಯಿತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಮಾರನೆಯ ದಿನ ಬೆಳಿಗ್ಗೆ ಮೂರನೇ ಮಂಚಕ್ಕೆ ತಿಂಡಿ ಒಯ್ದೆ. ಅಲ್ಲಿ ಸಾವಿತ್ರಮ್ಮ ಎಂಬುವರು ಕಾಲಿನ ಗಾಯಕ್ಕೆಂದು ಮಲಗಿದ್ದರು. ಸಕ್ಕರೆ ಕಾಯಿಲೆ, ದಿನವೂ ತಿಂಡಿಗೆ ಮುಂಚೆ ಸಿಸ್ಟರ್ ಅದರ ಇಂಜೆಕ್ಷನ್ ಕೊಡುತ್ತಿದ್ದರು. ಆವತ್ತೂ ಕೊಟ್ಟಾಗಿತ್ತು. ಸಾವಿತ್ರಮ್ಮ ತಟ್ಟೆಯನ್ನು ನನ್ನ ಕಡೆ ತಳ್ಳಿ ಪಿಸುಗುಟ್ಟಿದರು.

“ಇವತ್ತು ಸಂಕಷ್ಟಿ ಕಣೇ. ಚಂದ್ರ ಹುಟ್ಟೋವರೆಗೂ ಏನೂ ಮುಟ್ಟಲ್ಲ. ಮೂರು ಇಡ್ಲಿ ಇದೆ, ನಿನ್ ಮಗಳಿಗೆ ತಗೊಂಡ್ಹೋಗು. ಆ ಪೊಲೀಸಮ್ಮಂಗೆ ಮಾತ್ರ ಹೇಳ್ಬೇಡ, ಬಾಯಿಗೆ ತುರುಕಿಬಿಡ್ತಾಳೆ.”

ಇಡ್ಲಿಗಳು ಬಿಸಿಯಾಗಿದ್ದವು. ನಿಮ್ಮಮ್ಮ ಶಾಲೆಯಿಂದ ಹಸಿದು ಬರುವುದು ನೆನಪಾಯಿತು. ನನ್ನ ಊಟದ ಡಬ್ಬಿಗೆ ಹಾಕಿ, ಮೆಟ್ಟಿಲ ಕೆಳಗೆ ನನ್ನ ಚೀಲದಲ್ಲಿಟ್ಟೆ. ಖಾಲಿ ತಟ್ಟೆಯನ್ನು ಸಾವಿತ್ರಮ್ಮನ ಸ್ಟೂಲಿನ ಮೇಲೇ ಬಿಟ್ಟೆ. ಹೊಸದಾಗಿ ಸೇರಿದ್ದ ಸಿಸ್ಟರ್ ಹುಡುಗಿ ಪುಸ್ತಕ ಹಿಡಿದು ಬಂದಳು.

“ಮೂರನೇ ಬೆಡ್ ತಿಂಡಿ ಆಯ್ತಾ ಜಯಮ್ಮ?”

“ಹೂಂ” ಎಂದೆ. ಅವಳು ಬರೆದುಕೊಂಡಳು.

ಒಂಬತ್ತು ಗಂಟೆಗೆ ಸಿಸ್ಟರ್ ಮಹಾದೇವಿ ತಟ್ಟೆ ನೋಡಲು ಬರಬೇಕಿತ್ತು. ಬರಲಿಲ್ಲ. ಅವರನ್ನು ಮ್ಯಾನೇಜರ್ ಆಫೀಸಿನಲ್ಲಿ ಕೂರಿಸಿಕೊಂಡು ಜೇಬು ಖಾಲಿ ಮಾಡಿಸುತ್ತಿದ್ದರು. ನಾನು ಕಿಟಕಿಯಾಚೆಯಿಂದ ಕಂಡೆ. ಮೇಜಿನ ಮೇಲೆ ಏಳೆಂಟು ಖಾಲಿ ಸೀಸೆ, ಒಂದೊಂದಕ್ಕೂ ಪ್ಲಾಸ್ಟರಿನ ತುಂಡು ಸುತ್ತಿ ಮಂಚದ ನಂಬರೂ ಗಂಟೆಯೂ ಬರೆದಿತ್ತು. ಸಿಸ್ಟರ್ ನೆಟ್ಟಗೆ ಕೂತಿದ್ದರು. ಹತ್ತೂವರೆಯಾದರೂ ಬಿಡಲಿಲ್ಲ.

ಅಷ್ಟರಲ್ಲಿ ಹೊಸ ಹುಡುಗಿ ಕೂಗಿಕೊಂಡಳು. ಸಾವಿತ್ರಮ್ಮನ ಮೈಯೆಲ್ಲ ಬೆವರಿ ತಣ್ಣಗಾಗಿತ್ತು. ಏನೇನೋ ತೊದಲುತ್ತಿದ್ದರು, ಕರೆದರೆ ಕಣ್ಣು ನಿಲ್ಲುತ್ತಿರಲಿಲ್ಲ. ದೊಡ್ಡ ಡಾಕ್ಟರು ಆಪರೇಷನ್‌ನಲ್ಲಿದ್ದರು. ಚಿಕ್ಕ ಡಾಕ್ಟರು ಓಡಿಬಂದರು. ಹಿಂದೆಯೇ ಸಿಸ್ಟರ್, ಅವರ ಹಿಂದೆ ಮ್ಯಾನೇಜರ್.

“ಶುಗರ್ ಇಳಿದೈತಿ ಡಾಕ್ಟ್ರ” ಎಂದರು ಸಿಸ್ಟರ್, ಕೈ ಮುಟ್ಟಿದ ಕೂಡಲೇ.

“ತಿಂಡಿ ತಿಂದಿದ್ದಾರೆ ಅಂತ ಬರ್ದಿದೆಯಲ್ಲ. ಹೇಗೆ ಇಳಿಯುತ್ತೆ?”

ಮ್ಯಾನೇಜರ್ ನಡುವೆ ಬಾಯಿ ಹಾಕಿದರು. “ಏನ್ ಇಂಜೆಕ್ಷನ್ ಚುಚ್ಚಿದ್ದಾರೋ ಕೇಳಿ ಡಾಕ್ಟ್ರೇ. ಇವರ ಜೇಬಲ್ಲಿ ಒಂದು ಅಂಗಡಿನೇ ಇದೆ.”

ಚಿಕ್ಕ ಡಾಕ್ಟರು ಸಿಸ್ಟರ್ ಮುಖ ನೋಡಿದರು. ಅವರ ಕಣ್ಣಲ್ಲೂ ಅನುಮಾನ ಕಂಡಿತು. ಸಿಸ್ಟರ್ ಸ್ಟೂಲಿನ ಮೇಲಿದ್ದ ತಟ್ಟೆ ನೋಡಿದರು. ಅದನ್ನೆತ್ತಿ ಮೂಸಿದರು; ಎಂಜಲಿನ ಗುರುತೇ ಇರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

“ಜಯಮ್ಮಾರ, ಇವರು ತಿಂದಾರೇನು?”

ಹೂಂ ಎಂದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ. ರೋಗಿಯ ತಿಂಡಿ ತೆಗೆದುಕೊಂಡ ಆಯಾಳನ್ನು ಆ ಮ್ಯಾನೇಜರ್ ಒಂದು ಗಂಟೆ ಇಟ್ಟುಕೊಳ್ಳುತ್ತಿರಲಿಲ್ಲ. ನಿಮ್ಮಮ್ಮನಿಗೆ ನಾನೊಬ್ಬಳೇ ದಿಕ್ಕು. ಗಂಟಲಲ್ಲಿ ಹೂಂ ಬಂದು ಕೂತಿತ್ತು. ಬೇರೆ ಮಾತು ಬರಲಿಲ್ಲ. ಅದಕ್ಕೇ ಓಡಿದೆ. ಮೆಟ್ಟಿಲ ಕೆಳಗಿನಿಂದ ಡಬ್ಬಿ ತಂದು ಎಲ್ಲರ ಮುಂದೆ ಮುಚ್ಚಳ ತೆಗೆದೆ. ಮೂರು ಇಡ್ಲಿ.

“ಅವ್ರು ತಿಂದಿಲ್ಲ. ಸಂಕಷ್ಟಿ. ನಂಗೆ ಕೊಟ್ರು. ನಾನೇ ಸುಳ್ಳು ಹೇಳ್ದೆ” ಎಂದೆ. ಅಷ್ಟು ಜನರ ಮುಂದೆ ನಾನು ಆಡಿದ ಮೊದಲ ಮಾತು ಅದು.

ಸಿಸ್ಟರ್ ಆಗಲೇ ಗ್ಲೂಕೋಸ್ ಸಿದ್ಧ ಮಾಡಿಕೊಂಡಿದ್ದರು. ಡಾಕ್ಟರು ನರಕ್ಕೆ ಕೊಟ್ಟರು. ಸ್ವಲ್ಪ ಹೊತ್ತಿಗೆ ಸಾವಿತ್ರಮ್ಮ ಕಣ್ಣು ಬಿಟ್ಟು ಸುತ್ತ ನಿಂತವರನ್ನು ನೋಡಿದರು. ಸಿಸ್ಟರ್ ಬಗ್ಗಿ ಕೇಳಿದರು.

“ನಿಮ್ಮ ಹೆಸರು ಹೇಳ್ರಿ.”

“ಸಾವಿತ್ರಿ… ಚಂದ್ರ ಬಂದ್ನಾ?”

“ಬಂದು ಇಲ್ಲೇ ಕುಂತಾನ. ಬಾಯಿ ತೆಗೀರಿ” ಎಂದು ನನ್ನ ಡಬ್ಬಿಯ ಇಡ್ಲಿ ಮುರಿದು ತಿನ್ನಿಸಿದರು. ಸಾವಿತ್ರಮ್ಮ ಅಳುತ್ತಲೇ ನುಂಗಿದರು.

ಮ್ಯಾನೇಜರ್ ನನ್ನನ್ನು ಅಲ್ಲೇ ಮನೆಗೆ ಕಳಿಸುವುದರಲ್ಲಿದ್ದರು. ಸಿಸ್ಟರ್ ತಲೆಯೆತ್ತದೆ ಹೇಳಿದರು: “ಖರೇ ಹೇಳಿದವ್ರು ಇಲ್ಲಿ ಅವರೊಬ್ಬರೇ ಸಾರ್. ಅವರನ್ನ ಕಳಸ್ತೀರಂದ್ರ ನಾಳೆ ಎರಡು ಪಾಳಿಗೆ ನನ್ನ ಕಾಲು ಬರೂದಿಲ್ಲ.” ನಾನು ಉಳಿದೆ.

ಮಧ್ಯಾಹ್ನ ಬಟ್ಟೆ ಒಣಗಿಸುವ ತಾರಸಿಯಲ್ಲಿ ಸಿಸ್ಟರ್ ನನ್ನನ್ನು ಹಿಡಿದರು.

“ನನ್ನ ಕಿಸೇದ ಸುದ್ದಿ ಮ್ಯಾನೇಜರ್‌ಗೆ ಹೇಳಿದವರು ನೀವೇನು?”

“ಹೂಂ.”

“ಹೂಂ ಬ್ಯಾಡ. ಹೇಳ್ರಿ.”

“ನಾನೇ ಹೇಳಿದ್ದು ಸಿಸ್ಟರ್. ನೀವು ಕದೀತೀರಿ ಅಂದ್ಕೊಂಡೆ. ನನ್ನ ಕಳ್ಳಿ ಅಂದ್ಕೊಂಡಿದೀರ ಅಂತ ಸಿಟ್ಟಿತ್ತು.”

ಸಿಸ್ಟರ್ ಮ್ಯಾನೇಜರ್ ಮೇಜಿನಿಂದ ವಾಪಸ್ ತಂದಿದ್ದ ಸೀಸೆಗಳಲ್ಲಿ ಒಂದನ್ನು ಜೇಬಿನಿಂದ ತೆಗೆದು ನನ್ನ ಅಂಗೈ ಮೇಲಿಟ್ಟರು. ಅವರ ಊರ ಕಡೆಯ ಒಂದು ಆಸ್ಪತ್ರೆಯಲ್ಲಿ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಇಂಜೆಕ್ಷನ್ ಆದ ಮೇಲೆ ಒಬ್ಬ ಹೆಂಗಸು ಹೋಗಿಬಿಟ್ಟರಂತೆ. ಏನು ಕೊಟ್ಟೆ ಎಂದು ಎಲ್ಲರೂ ಕೇಳಿದರಂತೆ. ಸೀಸೆ ಕಸದ ಜೊತೆ ಹೋಗಿತ್ತು.

“ನಾ ಸರಿ ಕೊಟ್ಟೆನೋ ತಪ್ಪು ಕೊಟ್ಟೆನೋ, ನನಗೂ ಇವತ್ತಿಗೂ ಗೊತ್ತಿಲ್ಲ ಜಯಮ್ಮಾರ. ಅದಕ್ಕ ಪಾಳಿ ಮುಗಿದು ಎಲ್ಲಾರೂ ಎದ್ದು ಕುಂತಾರಂತ ನೋಡೂಮಟ ಇವನ್ನ ಬಿಡೂದಿಲ್ಲ. ನಾನು ನಂಬದಿರೂದು ನಿಮ್ಮನ್ನಲ್ಲ. ನನ್ನ ಕೈನ.”

ಕಾಣೆಯಾದ ಇಂಜೆಕ್ಷನ್‌ಗಳು ಎಲ್ಲಿ ಹೋದವೆಂದು ಕೊನೆಗೂ ತಿಳಿಯಲಿಲ್ಲ. ಮ್ಯಾನೇಜರ್ ಮೇಲೆ ನನಗೆ ಈಗಲೂ ಅನುಮಾನವಿದೆ. ಸಿಸ್ಟರ್ ಏನೂ ಬದಲಾಗಲಿಲ್ಲ. ಮರುದಿನವೂ ತಟ್ಟೆಗಳ ಮುಚ್ಚಳ ಎತ್ತಿ ನೋಡಿದರು, ನನ್ನ ಡಬ್ಬಿಯ ಮುಚ್ಚಳವನ್ನೂ ಸೇರಿಸಿ. ಆದರೆ ಅಂದಿನಿಂದ ಅವರ ಪ್ಲಾಸ್ಟರ್ ತುಂಡುಗಳ ಮೇಲೆ ನಂಬರ್ ಬರೆಯುವುದು ನನ್ನ ಕೆಲಸವಾಯಿತು. “ನಿಮ್ಮ ಅಕ್ಷರ ದುಂಡಗ ಅದಾವ” ಎಂದರು. ಬರೆದದ್ದನ್ನು ಎರಡೆರಡು ಸಲ ಓದಿಯೇ ಅಂಟಿಸುತ್ತಿದ್ದರು.

ಕೆಲವು ವರ್ಷಕ್ಕೆ ಆ ನರ್ಸಿಂಗ್ ಹೋಂ ಮುಚ್ಚಿತು. ನಾವು ಬೇರೆ ಬೇರೆ ಕಡೆ ಹೋದೆವು. ಎರಡು ಸಾವಿರದ ಇಸವಿ ದಾಟಿ ಬಹಳ ದಿನದ ಮೇಲೆ, ಸಿಸ್ಟರ್ ಜಯನಗರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮಲಗಿದ್ದಾರೆಂದು ಯಾರೋ ಹೇಳಿದರು. ನಿಮ್ಮಮ್ಮನಿಗೆ ಮದುವೆಯಾಗಿತ್ತು. ನಾನು ಇಡ್ಲಿ ಮಾಡಿ ಡಬ್ಬಿಗೆ ಹಾಕಿಕೊಂಡು ಬಸ್ ಹತ್ತಿದೆ.

ಅಷ್ಟು ಎತ್ತರದ ಆಳು ಮಂಚದ ಮೇಲೆ ಮಡಿಸಿಟ್ಟ ಬಟ್ಟೆಯಂತಿದ್ದರು. ನನ್ನನ್ನು ನೋಡಿದರು; ಗುರುತು ಸಿಕ್ಕಿತೋ ಇಲ್ಲವೋ ಹೇಳಲಿಲ್ಲ. ಅಷ್ಟರಲ್ಲಿ ಒಬ್ಬ ಚಿಕ್ಕ ವಯಸ್ಸಿನ ಸಿಸ್ಟರ್ ಸಿರಿಂಜ್ ಹಿಡಿದು ಅವಸರದಲ್ಲಿ ಬಂದಳು.

“ಮಹಾದೇವಿ ಅಲ್ವಾ ಆಂಟಿ?”

ಸಿಸ್ಟರ್ ತುಟಿ ಬಿಗಿದರು. ಅವಳು ಮತ್ತೆ ಕೇಳಿದಳು. ತೋಳು ಸೆರಗಿನೊಳಗೆ ಹೋಯಿತು. “ಇವ್ರು ಹೀಗೇ, ಸಖತ್ ಹಟ” ಎಂದಳು ಹುಡುಗಿ ನನ್ನ ಕಡೆ ತಿರುಗಿ. ಸಿಸ್ಟರ್ ಕಣ್ಣೂ ನನ್ನ ಕಡೆ ತಿರುಗಿತು.

ಗೊತ್ತಿಲ್ಲದವರೊಂದಿಗೆ ಮಾತಾಡಲು ನನಗೆ ಆಗಲೂ ಅಂಜಿಕೆ. ಆದರೂ ಹೇಳಿದೆ: “ಹಾಗೆ ಕೇಳ್ಬೇಡಮ್ಮ. ನಿಮ್ಮ ಹೆಸರು ಹೇಳಿ ಅಂತ ಕೇಳು.”

ಅವಳು ಕೇಳಿದಳು. ಸಿಸ್ಟರ್ ತಮ್ಮ ಹೆಸರು, ತಂದೆಯ ಹೆಸರು, ಊರಿನ ಹೆಸರು ಎಲ್ಲವನ್ನೂ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದರು. ತೋಳು ಸೆರಗಿನಿಂದ ಹೊರಗೆ ಬಂತು. ಇಂಜೆಕ್ಷನ್ ಆದ ಮೇಲೆ ಅಂಗೈ ಚಾಚಿದರು. ಹುಡುಗಿಗೆ ಅರ್ಥವಾಗಲಿಲ್ಲ. ನಾನೇ ಟ್ರೇಯಿಂದ ಖಾಲಿ ಸೀಸೆ ಕೇಳಿ ಪಡೆದು ಅವರ ಕೈಯಲ್ಲಿಟ್ಟೆ.

ಆಮೇಲೆ ನನ್ನ ಡಬ್ಬಿಯ ಮುಚ್ಚಳವನ್ನು ಒಂದು ಬೆರಳಿನಿಂದ ಎತ್ತಿ ನೋಡಿದರು.

“ಯಾರ ತಟ್ಟೀದು ಜಯಮ್ಮಾರ ಇವು?”

“ನನ್ನ ಮನೇದೇ ಸಿಸ್ಟರ್. ಬೆಳಿಗ್ಗೆ ನಾನೇ ಮಾಡ್ದೆ.”

ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ಬಾಯಿ ತೆರೆದರು.

ಮುಂದಿನ ವಾರ ಹೋದಾಗ ಆ ಮಂಚದಲ್ಲಿ ಬೇರೆ ಯಾರೋ ಇದ್ದರು. ಸಿಸ್ಟರ್ ಹೋಗಿಬಿಟ್ಟರೇ ಎಂದು ಕೌಂಟರಿನಲ್ಲಿ ಕೇಳಿದೆ. ಅಲ್ಲಿದ್ದವನು ಕಂಪ್ಯೂಟರಿನಿಂದ ಕಣ್ಣೆತ್ತದೆ “ಹೂಂ” ಎಂದ. ಊರಿಗೆ ಹೋದರೋ, ಇಲ್ಲವೇ ಇಲ್ಲವೋ? ನಾನು ಅಲ್ಲಿಂದ ಕದಲಲಿಲ್ಲ.

“ಹೂಂ ಬೇಡಪ್ಪ” ಎಂದೆ. “ಹೇಳು.”

ಅವನು ತಲೆಯೆತ್ತಿ, ಅವರು ತೀರಿಕೊಂಡ ದಿನವನ್ನೂ ಗಂಟೆಯನ್ನೂ ಬಿಡಿಸಿ ಹೇಳಿದ.