ಚೀನೀ ಪಂಡಿತರು ಹೇಳಿದ ಇನ್ನರ್ಧ

ಸ್ಯಾನ್ ಡಿಯಾಗೋ ಬಳಿಯ ನಮ್ಮ ಕಾರ್ಲ್ಸ್‌ಬಾಡ್ ಕನ್ನಡಿಗರಿಗೊಂದು ದರಿದ್ರ ಅಭ್ಯಾಸ. ಹಲ್ಲು ನೋವು ಬಂದರೆ ಲವಂಗ ಕಚ್ಚಿಕೊಂಡು ಊರಿಗೆ ಹೋಗುವ ದಿನ ಕಾಯುವುದು. ಇಲ್ಲಿ ದುಡ್ಡು ಸುರಿದು ಡೆಂಟಿಸ್ಟ್ ಬಳಿ ಹೋದವರನ್ನು ಬುದ್ಧಿಗೇಡಿಗಳಂತೆ ನೋಡುವುದು. 2013ರಲ್ಲಿ, ನಮ್ಮಲ್ಲಿಗೆ ಬಂದಿದ್ದ ಅತ್ತೆಯ ದವಡೆ ಊದಿಕೊಂಡಾಗ ನನ್ನ ಗಂಡನೂ ಅದೇ ರಾಗ ಎಳೆದರು.

"ಇನ್ನು ಮೂರು ವಾರ ತಾನೇ? ಅಮ್ಮ ವಾಪಸ್ ಹೋದ್ಮೇಲೆ ಬೆಂಗಳೂರಲ್ಲೇ ತೋರಿಸ್ಕೊಳ್ಳಲಿ."

ಅತ್ತೆಗೆ ಎಡಗಡೆ ಅಗಿಯಲು ಉಳಿದಿದ್ದೇ ಅದೊಂದು ಹಲ್ಲು. ಅನ್ನವನ್ನು ಕಿವುಚಿ ನುಂಗುತ್ತಿದ್ದರು. ನೋಡಲಾಗದೆ ಸ್ಯಾನ್ ಡಿಯಾಗೋದ ಒಂದು ಚೀನೀ ಗಿಡಮೂಲಿಕೆ ಅಂಗಡಿಗೆ ಕರೆದುಕೊಂಡು ಹೋದೆ. ಮುದುಕ ಪಂಡಿತರು ನಾಡಿ ಹಿಡಿದರು, ನಾಲಗೆ ನೋಡಿದರು, ಟಾರ್ಚ್ ಹಾಕಿ ಬಾಯೊಳಗೆ ಬಹಳ ಹೊತ್ತು ಇಣುಕಿದರು. ಅವರು ಹೇಳಿದ್ದನ್ನು ಅವರ ಮಗಳು ಇಂಗ್ಲಿಷಿನಲ್ಲಿ ನನಗೆ ಹೇಳಿದಳು, ನಾನು ಅತ್ತೆಗೆ ಕನ್ನಡದಲ್ಲಿ. ಒಣ ಹೂವು, ಪುದೀನ, ಯಾವುದೋ ಬೇರು. ಕುದಿಸಿ, ಆರಿಸಿ, ಬಾಯಿ ಮುಕ್ಕಳಿಸಿ ಉಗಿಯಬೇಕು.

ಅತ್ತೆ ಬೇರನ್ನು ಮೂಸಿದರು. "ಅಯ್ಯೋ, ಇದು ಅತಿಮಧುರ ಕಣೇ! ನಮ್ಮಜ್ಜಿ ಕೊಡ್ತಿದ್ರು." ವಾರದ ಮೇಲೆ ಅಂದು ಮೊದಲ ಸಲ ನಕ್ಕರು.

ಆಗ ಪಂಡಿತರು ಬೆರಳೆತ್ತಿ ಇನ್ನೊಂದು ಮಾತು ಹೇಳಿದರು. ಒಳಗೆ ಕೀವಿದೆ, ಇದು ಉರಿ ತಗ್ಗಿಸುತ್ತದೆ ಅಷ್ಟೆ, ನಾಳೆಯೇ ಡೆಂಟಿಸ್ಟ್‌ಗೆ ತೋರಿಸಿ. ಅದನ್ನು ನಾನು ಕನ್ನಡಕ್ಕೆ ತರಲಿಲ್ಲ. ರಾತ್ರಿ ಅತ್ತೆ ಮುಕ್ಕಳಿಸಿ ಮಲಗಿದ ಮೇಲೆ ಗಂಡನಿಗೆ ಮಾತ್ರ ಹೇಳಿದೆ.

"ನೋವು ಕಮ್ಮಿ ಆಗಿದೆಯಲ್ಲ, ಸುಮ್ನಿರು," ಎಂದರು. ಸುಮ್ಮನಿದ್ದೆ.

ಹತ್ತನೇ ದಿನ ಜ್ವರ ಬಂತು, ಬಾಯಿ ತೆರೆಯಲಾಗಲಿಲ್ಲ. ಕೊನೆಗೆ ಓಡಿದ್ದು ಡೆಂಟಿಸ್ಟ್ ಬಳಿಗೇ. ಒಂದು ವಾರ ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಎಂದು ಹೇಳಿ ಹಲ್ಲು ಕಿತ್ತರು.

ಶನಿವಾರ ಮನೆಗೆ ಬಂದ ಸ್ನೇಹಿತರೆಲ್ಲ ಒಂದೇ ಸಮನೆ ಶುರು ಮಾಡಿದರು. "ಆ ಚೀನೀ ಕಷಾಯಾನೇ ಕೆಡಿಸಿದ್ದು." ನನ್ನ ಗಂಡ ನಾಚಿಕೆಯಿಲ್ಲದೆ ತಲೆಯಾಡಿಸಿದರು.

"ನಿಮ್ಮಲ್ಲಿ ಯಾರಾದ್ರೂ ಅತ್ತೆ ಬಾಯಿ ಒಂದ್ಸಲ ನೋಡಿದ್ರಾ?" ಎಂದು ಕಿರುಚಿದೆ. "ನೋಡಿದ್ದು ಆ ಮುದುಕ ಒಬ್ರೇ! ನಾಳೇನೇ ಡೆಂಟಿಸ್ಟ್ ಹತ್ರ ಹೋಗಿ ಅಂತ ಅವತ್ತೇ ಹೇಳಿದ್ರು!"

ಸೋಫಾದಲ್ಲಿ ಮಜ್ಜಿಗೆ ಅನ್ನ ಕಲಸುತ್ತಿದ್ದ ಅತ್ತೆಯ ಕೈ ನಿಂತಿತು. ಅವರು ನೋಡಿದ್ದು ಮಗನನ್ನಲ್ಲ, ನನ್ನನ್ನು.

"ಅವತ್ತೇ ಹೇಳಿದ್ರಾ? ಮತ್ತೆ ನೀನ್ಯಾಕೆ ನಂಗೆ ಹೇಳ್ಲಿಲ್ಲ?"