ಅಕ್ಕನ ಮೈ ತಿಕ್ಕುವ ಅರಿವೆ

ಬಚ್ಚಲ ಗೂಟಕ್ಕೆ ಜೋತುಬಿದ್ದು, ಎಲ್ಲರ ಮೈಯ ಗುಟ್ಟನ್ನೂ ಬಲ್ಲ ಮೈ ಉಜ್ಜುವ ಬಟ್ಟೆಯ ಬಗ್ಗೆ ಒಬ್ಬ ನಿವೃತ್ತ ಮಾಸ್ತರ ಇಷ್ಟು ಗಂಭೀರನಾಗುವುದುಂಟೇ ಎಂದು ನೀವು ನಗಬಹುದು, ಮಿತ್ರರೇ. ನಗಿರಿ. ಆದರೆ ಕಳೆದ ಬೇಸಿಗೆಯಲ್ಲಿ, ಸುರಪುರದ ನಮ್ಮ ಮನೆಯಲ್ಲಿ, ಒಬ್ಬರ ಮಾನ ಅದರ ಮೇಲೆಯೇ ನಿಂತಿತ್ತು.

ನನ್ನ ಅಕ್ಕನಿಗೆ ಕೀಲುವಾತ ಹತ್ತಿ ಎರಡೂ ಕೈಯ ಬೆರಳು ಮಡಚದಾದವು. ಜಡೆಗೆ, ಸೀರೆಗೆ ಇನ್ನೊಬ್ಬರ ಕೈ ಒಪ್ಪಿಕೊಂಡಳು. ಸ್ನಾನಕ್ಕೆ ಮಾತ್ರ ಮನಸ್ಸು ಒಗ್ಗಲಿಲ್ಲ; ನನ್ನ ಹೆಂಡತಿ ಮೈ ತಿಕ್ಕುವಾಗ ಗೋಡೆಗೆ ಮುಖಮಾಡಿ ಕೂರುತ್ತಿದ್ದಳಂತೆ. ತಾನೇ ತಿಕ್ಕಿಕೊಳ್ಳೋಣವೆಂದರೆ ಅಂಗಡಿಯ ನುಣುಪು ಟವೆಲು ಕೈಯಿಂದ ಜಾರುತ್ತಿತ್ತು. ಸ್ವಾತಂತ್ರ್ಯದ ಬಗ್ಗೆ ಮಕ್ಕಳಿಗೆ ಎಷ್ಟೋ ಪಾಠ ಹೇಳಿದ ನನಗೆ, ಅದು ಕೊನೆಗೆ ಬಚ್ಚಲಿನ ಒಳಚಿಲಕದಷ್ಟೇ ದೊಡ್ಡದೆಂದು ಆಗ ತಿಳಿಯಿತು.

ಗಂಟುಗಂಟಾದ ಕ್ರೋಶಾ ಅರಿವೆಯಾದರೆ ಜಾರದೆಂದು ಅವಳೇ ಹೇಳಿದಳು. ಒಂದು ಕಾಲಕ್ಕೆ ಮನೆಯ ಬಾಗಿಲುತೋರಣಗಳನ್ನೆಲ್ಲ ಹೆಣೆದವಳು.

“ನೀನ ಹೆಣಿ. ಮಾಸ್ತರಕಿ ಮುಗದ ಮ್ಯಾಲ ನಿನ್ನ ಕೈಗೇನ ಕೆಲಸೈತಿ?”

ನಾನು ತಂದ ಮಿರಮಿರ ಮಿಂಚುವ ನೂಲನ್ನು, ಅದು ನೀರು ಕುಡಿಯದೆಂದು ತಳ್ಳಿ, ಹತ್ತಿಯ ದಪ್ಪ ದಾರವನ್ನೇ ತರಿಸಿದಳು. ಕೊಕ್ಕೆ ಕಡ್ಡಿಯಿಂದ ದಾರ ಎಳೆದು ಸರಪಳಿ ಕಟ್ಟು, ತಿರುಗು, ಪ್ರತಿ ಕುಣಿಕೆಯಲ್ಲೂ ಕಡ್ಡಿ ತೂರಿಸು: ಶಾಸ್ತ್ರ ಇಷ್ಟೇ. ಆದರೂ ನನ್ನ ಚೌಕವು ಸಾಲುಸಾಲಿಗೆ ಸೊರಗುತ್ತ, ಯಾರೂ ಕೇಳದ ತ್ರಿಕೋನವಾಯಿತು. ಕಾಲುವೆಯ ಕೊನೆಯ ಊರಿಗೆ ಮದುವೆಯಾಗಿ ಹೋಗಿ, ನೀರಿಗಾಗಿ ಕಾದು ಕಾದು ಬಂದ ಅಕ್ಕ ಅದನ್ನು ಮೊಣಕಾಲ ಮೇಲೆ ಹರವಿ ನೋಡಿದಳು.

“ಇದು ನಮ್ಮ ಕಾಲುವಿ ಆತು ನೋಡಪಾ. ತಲಿಗಿ ಅಗಲ, ಬಾಲಕ್ಕ ಏನೂ ಇಲ್ಲ. ತಿರುವಿನ್ಯಾಗ ಕಡೀ ಕುಣಿಕಿ ಬಿಟ್ಟೀದಿ. ಬಿಚ್ಚು.”

ಬಿಚ್ಚಿದೆ. ಬಿಚ್ಚಿದರೆ ನೂಲು ಮತ್ತೆ ನೂಲೇ, ಚೂರು ಸುಕ್ಕಷ್ಟೇ. ಎಂಥ ಕ್ಷಮಾಶೀಲ ವಸ್ತು! ಮಡಕೆ, ಮಾತು, ಮದುವೆ, ಯಾವುದಕ್ಕೂ ಈ ಸೌಭಾಗ್ಯವಿಲ್ಲ. ಅಂಚಿನ ಕುಣಿಕೆಯನ್ನು ಮರೆಯದವನೇ ಚೌಕ ಹೆಣೆಯಬಲ್ಲ; ನಡುವಿನವು ಹೇಗೋ ತಮ್ಮ ಪಾಡಿಗೆ ತಾವು ಬಂದುಬಿಡುತ್ತವೆ.

ಸುಮಾರಾಗಿ ಚೌಕವೆನ್ನಬಹುದಾದ ಅರಿವೆಯನ್ನು ಮರುವಾರ ಅವಳ ಅಂಗೈಗಿಟ್ಟೆ. ಅದರ ಒರಟು ಮೈ ಬೆರಳ ಸಂದಿಯಲ್ಲಿ ಕಚ್ಚಿ ನಿಂತಿತು. ಅಕ್ಕ ಬಚ್ಚಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಹೊರಗೆ ನಾವಿಬ್ಬರೂ ನೀರಿನ ಸದ್ದಿಗೆ ಕಿವಿಗೊಟ್ಟು ನಿಂತೆವು. ತಡೆಯಲಾರದೆ ಹೆಂಡತಿ, ಬೆನ್ನು ತಿಕ್ಕಲು ಬರಲೇ ಎಂದು ಕೇಳಿದಳು.

“ಬ್ಯಾಡ,” ಒಳಗಿನಿಂದ ಅಕ್ಕನ ದನಿ ಬಂತು. “ಬೆನ್ನಿಗಿ ಮುಟ್ಟವಲ್ದು. ಇನ್ನೊಂದು ಉದ್ದಂದು ಹೆಣಿ ಅನ್ನು ಅವಂಗ.”